ಲೋಹಗಳ ಸಹವಾಸದೋಷ: ಕಡಲನೀರಿನ ಕೊಳವೆಗಳಿಗೆ ಫ್ಲ್ಯಾಂಜಿನ ಆಯ್ಕೆ

ಪುಣೆಯ ಶಿವಾಜಿನಗರಕ್ಕೂ ಕಡಲಿಗೂ ನಡುವೆ ಸಹ್ಯಾದ್ರಿಯು ಅಡ್ಡಲಾಗಿ ನಿಂತಿದೆ. ಆದರೂ ಕಡಲನೀರು ಲೋಹವನ್ನು ತಿನ್ನುವ ಬಗೆ ಹೇಗೆ, ಅದಕ್ಕೆ ತಡೆ ಯಾವುದು ಎಂಬ ಪ್ರಶ್ನೆಗಳಿಗೂ ಈ ಪ್ರದೇಶಕ್ಕೂ ಇರುವ ಸಂಬಂಧ ನಿಕಟವಾದುದು. ಇಲ್ಲಿಯ ಇಂಜಿನಿಯರಿಂಗ್ ಕಾಲೇಜು 1854ರಲ್ಲಿ ಆರಂಭವಾಗಿ, 2022ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯದ ಪದವಿಯನ್ನು ಪಡೆಯಿತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾದುದು, ಅಂದು ವಿಜ್ಞಾನ ಕಾಲೇಜೆಂದು ಕರೆಯಲ್ಪಡುತ್ತಿದ್ದ ಈ ಸಂಸ್ಥೆಯಿಂದಲೇ. ಲೋಹಶಾಸ್ತ್ರವನ್ನು ಪ್ರತ್ಯೇಕ ವಿಷಯವಾಗಿ ಬೋಧಿಸುವ ವಿಭಾಗವೂ ಇಲ್ಲಿ ಬಹುಕಾಲದಿಂದ ಇದೆ. ಮುಂಬಯಿಯ ದಾರಿಯಲ್ಲಿರುವ ಲೋಣಾವಳೆಯಲ್ಲಿ ನೌಕಾದಳದ ಯಂತ್ರವಿದ್ಯೆಯನ್ನು ಕಲಿಸುವ 'ಶಿವಾಜಿ' ಎಂಬ ಕೇಂದ್ರವು 1945ರಲ್ಲಿ ಸ್ಥಾಪನೆಯಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ಮೊದಲುಮಾಡಿದ ಉದ್ಯಮವು ನೀರೆತ್ತುವ ಪಂಪುಗಳಿಗೆ ಹೆಸರಾಗಿ, ಇಂದು ಪುಣೆಯನ್ನೇ ಕೇಂದ್ರವಾಗಿ ಹೊಂದಿದೆ.

ಇಂತಿರುವಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಲೋಹವನ್ನು ಆಯುವವರು ಬಹುಮಟ್ಟಿಗೆ ಘಟ್ಟದ ಮೇಲಿದ್ದಾರೆ. ಆಯ್ಕೆಯ ಫಲವನ್ನು ಉಣ್ಣುವವರು ಘಟ್ಟದ ಕೆಳಗಿದ್ದಾರೆ. ಕಾರವಾರದ ಬಳಿಯ 'ಕದಂಬ' ನೌಕಾನೆಲೆಯು 2005ರಲ್ಲಿ ಕಾರ್ಯಾರಂಭ ಮಾಡಿತು. ಮಲ್ಪೆಯಲ್ಲಿ ಹಡಗುಗಳ ನಿರ್ಮಾಣವು ನಡೆಯುತ್ತಿದೆ. ಬೇಸಗೆಯಲ್ಲಿ ನೇತ್ರಾವತಿಯ ನೀರು ಸಾಲದಾದಾಗ ಮಂಗಳೂರಿನ ತೈಲಶುದ್ಧೀಕರಣ ಕಾರ್ಖಾನೆಗೆ ಒದಗಿಸಲೆಂದು, ತಣ್ಣೀರುಬಾವಿಯಲ್ಲಿ ಕಡಲನೀರನ್ನು ಸಿಹಿಗೊಳಿಸುವ ಘಟಕವೊಂದು ಸ್ಥಾಪಿತವಾಗಿದೆ. ಈ ಎಲ್ಲ ಸ್ಥಳಗಳಲ್ಲಿಯೂ ಉಪ್ಪುನೀರು ಹರಿಯುವ ಕೊಳವೆಗಳಿವೆ. ಕೊಳವೆಗಳಿದ್ದಲ್ಲಿ ಅವುಗಳನ್ನು ಕೂಡಿಸುವ ಫ್ಲ್ಯಾಂಜುಗಳಿವೆ. ಆ ಫ್ಲ್ಯಾಂಜನ್ನು ಯಾವ ಲೋಹದಿಂದ ಮಾಡತಕ್ಕದ್ದೆಂಬುದೇ ಪ್ರಕೃತ ವಿಚಾರ.

ಫ್ಲ್ಯಾಂಜಿನ ಸ್ವರೂಪ

ಕೊಳವೆಯ ತುದಿಗೆ ಅಂಚಿನಂತೆ ಕೂಡಿಸಿದ ದಪ್ಪನಾದ ಲೋಹದ ಬಳೆಯೇ ಫ್ಲ್ಯಾಂಜು. ಎರಡು ಕೊಳವೆಗಳ ಬಳೆಗಳನ್ನು ಮುಖಾಮುಖಿಯಾಗಿಟ್ಟು, ನಡುವೆ ನೀರು ಒಸರದಂತೆ ಗ್ಯಾಸ್ಕೆಟ್ ಎಂಬ ಮೆತ್ತೆಯನ್ನಿರಿಸಿ, ಸುತ್ತಲೂ ಬೋಲ್ಟುಗಳಿಂದ ಬಿಗಿಯುತ್ತಾರೆ. ಬೆಸುಗೆಯಿಂದ ಒಂದುಮಾಡಿದ ಕೊಳವೆಯನ್ನು ಮತ್ತೆ ಬಿಚ್ಚಲಾಗದು. ಫ್ಲ್ಯಾಂಜಿನ ಸಂದನ್ನಾದರೋ ಬೇಕೆಂದಾಗ ಬಿಚ್ಚಿ ದುರಸ್ತಿ ಮಾಡಿ ಪುನಃ ಕೂಡಿಸಬಹುದು. ಹಡಗಿನ ಇಂಜಿನನ್ನು ತಣಿಸುವುದು, ಬೆಂಕಿಯನ್ನಾರಿಸಲು ನೀರೊದಗಿಸುವುದು, ಹಡಗಿನ ಸಮತೋಲಕ್ಕಾಗಿ ತೊಟ್ಟಿಗಳನ್ನು ತುಂಬುವುದು, ಈ ಕೆಲಸಗಳೆಲ್ಲ ನಡೆಯುವುದು ಇಂತಹ ಕೊಳವೆಗಳಿಂದ.

ಕೊಳವೆಯ ಜಾಲದಲ್ಲಿ ಫ್ಲ್ಯಾಂಜಿಗೆ ಒಂದು ವಿಶಿಷ್ಟ ಸ್ಥಾನವಿದೆ. ಪಂಪಿನ ಒಡಲು ಕಂಚಿನದಾಗಿರಬಹುದು, ಕೊಳವೆ ತಾಮ್ರ-ನಿಕ್ಕಲ್ಲಿನದಾಗಿರಬಹುದು, ಕವಾಟವು ಬೀಡು ಕಬ್ಬಿಣದ್ದಾಗಿರಬಹುದು, ಬೋಲ್ಟು ಉಕ್ಕಿನದಾಗಿರಬಹುದು. ಬೇರೆ ಬೇರೆ ಕಾರ್ಖಾನೆಗಳಿಂದ ಬಂದ ಈ ಲೋಹಗಳು ಒಂದನ್ನೊಂದು ಮುಟ್ಟುವ ಕೂಡುದಾರಿಯೇ ಫ್ಲ್ಯಾಂಜು. ಆದಕಾರಣ ಅದರ ಆಯ್ಕೆಯಲ್ಲಿ ಆ ಲೋಹವು ಒಂಟಿಯಾಗಿದ್ದಾಗ ಎಷ್ಟು ಕಾಲ ಬಾಳುತ್ತದೆ ಎಂಬುದನ್ನಷ್ಟೇ ಕೇಳಿದರೆ ಸಾಲದು. ಯಾರ ಜೊತೆಯಲ್ಲಿ ಬಾಳಬೇಕಾಗಿದೆ ಎಂಬುದನ್ನೂ ಕೇಳಬೇಕು.

ತುಕ್ಕು, ಕಿಲುಬು ಮತ್ತು ಮೂರನೆಯದು

ಕನ್ನಡದಲ್ಲಿ ಕಬ್ಬಿಣಕ್ಕೆ ಹಿಡಿಯುವುದು ತುಕ್ಕು; ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯನ್ನು ಕುದಿಸಬೇಕಾದರೆ ಕಲಾಯಿ ಹಾಕಿಸಬೇಕೆಂಬುದು ನಮ್ಮ ಅಡುಗೆಮನೆಗಳು ಲೋಹಶಾಸ್ತ್ರದ ಪಾಠಕ್ಕಿಂತ ಮೊದಲೇ ತಿಳಿದಿದ್ದ ಸಂಗತಿ. ಆದರೆ ಈ ಎರಡು ಮಾತುಗಳೂ ಒಂದೊಂದು ಲೋಹದ ಸ್ವಂತ ರೋಗವನ್ನು ಹೇಳುತ್ತವೆ. ಎರಡು ಲೋಹಗಳು ಕೂಡಿದಾಗ ಮಾತ್ರ ಉಂಟಾಗುವ ಮೂರನೆಯ ರೋಗವೊಂದಿದೆ. ಲೋಕದ ಮಾತಿನಲ್ಲಿ ಮನುಷ್ಯರಿಗೆ ಹೇಳುವ 'ಸಹವಾಸದೋಷ'ವೆಂಬ ಪದವು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಇದರ ಕಾರಣವು ವಿದ್ಯುತ್ತಿಗೆ ಸಂಬಂಧಿಸಿದುದು. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುವ ದ್ರವ. ಕಡಲಿನ ಸಾವಿರ ಪಾಲು ನೀರಿನಲ್ಲಿ ಸುಮಾರು 35 ಪಾಲು ಲವಣವಿರುತ್ತದೆ. ಇಂತಹ ನೀರಿನಲ್ಲಿ ಎರಡು ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅವೆರಡೂ ಸೇರಿ ಒಂದು ಸಣ್ಣ ಬ್ಯಾಟರಿಯಂತಾಗುತ್ತವೆ. ಅವುಗಳಲ್ಲಿ ಒಂದು ಲೋಹವು ಕರಗುತ್ತಾ ಹೋಗುತ್ತದೆ. ಮತ್ತೊಂದು ಅದರಿಂದ ರಕ್ಷಣೆ ಪಡೆಯುತ್ತದೆ. ಕರಗುವ ಸ್ವಭಾವ ಹೆಚ್ಚಾಗಿರುವ ಸತುವಿನಿಂದ ಮೊದಲುಗೊಂಡು ಕಬ್ಬಿಣ, ಹಿತ್ತಾಳೆ, ತಾಮ್ರ, ತಾಮ್ರ-ನಿಕ್ಕಲ್, ತುಕ್ಕು ಹಿಡಿಯದ ಉಕ್ಕು, ಟೈಟಾನಿಯಂ ಎಂಬ ಕ್ರಮದಲ್ಲಿ ಲೋಹಗಳನ್ನು ಒಂದು ಏಣಿಯ ಮೇಲೆ ನಿಲ್ಲಿಸಬಹುದು. ಏಣಿಯ ಕೆಳಗಿನದು ಮೇಲಿನದಕ್ಕಾಗಿ ಸವೆಯುತ್ತದೆ. ಲೋಹವಲ್ಲದಿದ್ದರೂ ಗ್ರಾಫೈಟಿಗೆ ಈ ಏಣಿಯಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ದೊರೆಯುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ಮನೆಯ ಎರಡು ವಸ್ತುಗಳಲ್ಲಿ ಇದನ್ನು ಕಾಣಬಹುದು. ಬಾವಿಯ ಬಕೆಟ್ಟಿಗೆ ಸತುವಿನ ಲೇಪವಿರುತ್ತದೆ. ಗೀರು ಬಿದ್ದರೂ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಬಿಸ್ಕತ್ತಿನ ಡಬ್ಬಿಯ ತಗಡಿಗೆ ತವರದ ಲೇಪವಿರುತ್ತದೆ. ಅದರಲ್ಲಿ ಒಮ್ಮೆ ಗೀರು ಬಿದ್ದು ನೀರು ತಾಗಿತೆಂದರೆ, ತವರದ ಸಹವಾಸದಿಂದ ಗೀರಿನೊಳಗಿನ ಕಬ್ಬಿಣವು ಬೇಗನೆ ತುಕ್ಕಾಗುತ್ತದೆ. ಎರಡೂ ಲೇಪಗಳೇ, ಆದರೆ ಒಂದು ನೆರೆಯವನನ್ನು ಕಾಯುತ್ತದೆ, ಮತ್ತೊಂದು ಕೆಡಿಸುತ್ತದೆ.

ಎರಡು ಹಳೆಯ ನಿದರ್ಶನಗಳು

ಹಡಗುಗಳ ಚರಿತ್ರೆಯಲ್ಲಿ ಈ ತತ್ತ್ವವು ಮೊದಲು ಬೆಳಕಿಗೆ ಬಂದುದು ಹದಿನೆಂಟನೆಯ ಶತಮಾನದಲ್ಲಿ. ಮರವನ್ನು ಕೊರೆಯುವ ಹುಳುಗಳಿಂದ ಹಡಗಿನ ತಳವನ್ನು ಕಾಪಾಡಲು ಆಂಗ್ಲ ನೌಕಾದಳವು 1761ರಲ್ಲಿ 'ಅಲಾರ್ಮ್' ಎಂಬ ಹಡಗಿಗೆ ತಾಮ್ರದ ತಗಡನ್ನು ಹೊದಿಸಿತು. ಹಡಗು ವೆಸ್ಟ್ ಇಂಡೀಸಿಗೆ ಹೋಗಿಬಂದ ಮೇಲೆ ತಗಡನ್ನು ತೆಗೆದು ನೋಡಿದಾಗ, ತಾಮ್ರವು ಚೆನ್ನಾಗಿಯೇ ಇದ್ದಿತು. ಆದರೆ ಅದನ್ನು ಮುಟ್ಟಿಕೊಂಡಿದ್ದ ಕಬ್ಬಿಣದ ಮೊಳೆಗಳು ತುಕ್ಕಿನ ಮುದ್ದೆಯಾಗಿದ್ದವು. ತಗಡನ್ನು ಸುತ್ತಿ ತಂದಿದ್ದ ಕಂದು ಕಾಗದವು ಕೆಲವೆಡೆ ಮೊಳೆಗೂ ತಾಮ್ರಕ್ಕೂ ನಡುವೆ ಹಾಗೆಯೇ ಉಳಿದುಕೊಂಡಿತ್ತು. ಅಲ್ಲಿಯ ಮೊಳೆಗಳು ಮಾತ್ರ ಕೆಡದೆ ಇದ್ದವು. ಒಂದು ಕಾಗದದ ಅಂತರವು ಕಬ್ಬಿಣವನ್ನು ಉಳಿಸಿತು. ಇಂದು ಎರಡು ಲೋಹಗಳ ಫ್ಲ್ಯಾಂಜುಗಳ ನಡುವೆ ವಿದ್ಯುತ್ತು ಹರಿಯದ ಮೆತ್ತೆಯನ್ನೂ, ಬೋಲ್ಟುಗಳಿಗೆ ಅದೇ ಬಗೆಯ ಒರೆ ಮತ್ತು ಬಿಲ್ಲೆಗಳನ್ನೂ ತೊಡಿಸುವ ಪದ್ಧತಿಯು ಆ ಕಂದು ಕಾಗದದ ಮುಂದುವರಿಕೆಯೇ ಸರಿ.

ಎರಡನೆಯ ನಿದರ್ಶನವು 1824ರದು. ತಾಮ್ರದ ಹೊದಿಕೆಯು ಕಡಲಿನಲ್ಲಿ ಸವೆಯುವುದನ್ನು ನಿಲ್ಲಿಸಲು ಹಂಫ್ರಿ ಡೇವಿ ಎಂಬ ರಸಾಯನ ವಿಜ್ಞಾನಿಯು ಅದಕ್ಕೆ ಸತು ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಬೇಕೆಂದು ಸೂಚಿಸಿದನು. ಸವೆತವು ನಿಂತಿತು, ಆದರೆ ಕರಗುವ ತಾಮ್ರದ ವಿಷದಿಂದಲೇ ದೂರವಿದ್ದ ಚಿಪ್ಪುಜೀವಿಗಳೂ ಪಾಚಿಯೂ ಈಗ ತಳಕ್ಕೆ ಅಂಟಿಕೊಂಡು ಹಡಗಿನ ವೇಗವನ್ನೇ ಕುಗ್ಗಿಸಿದವು. ಡೇವಿಯ ಶಾಸ್ತ್ರವು ಸತ್ಯವಾಗಿತ್ತು. ಉಪಾಯವನ್ನು ಮಾತ್ರ ಕೈಬಿಡಬೇಕಾಯಿತು. ಒಂದು ಲೋಹವನ್ನು ಕಾಪಾಡುವಾಗ ಅದರಿಂದ ನಡೆಯುತ್ತಿದ್ದ ಬೇರೆ ಕೆಲಸವು ನಿಂತುಹೋದೀತೇ ಎಂದು ವಿಚಾರಿಸಬೇಕೆಂಬುದು ಇದರ ಪಾಠ.

ವಿಸ್ತಾರದ ನಿಯಮ

ಸಹವಾಸದೋಷದ ತೀವ್ರತೆಯು ಏಣಿಯ ಮೇಲಿನ ಅಂತರವೊಂದನ್ನೇ ಅವಲಂಬಿಸಿಲ್ಲ. ನೀರು ತಾಗುವ ವಿಸ್ತಾರಗಳ ಪ್ರಮಾಣವು ಅದಕ್ಕಿಂತ ಮುಖ್ಯವಾದುದು. ಒಂದು ಆಂಪಿಯರ್ ವಿದ್ಯುತ್ತು ಒಂದು ವರ್ಷ ಹರಿದರೆ ಸುಮಾರು 9 ಕಿಲೋಗ್ರಾಂ ಕಬ್ಬಿಣವನ್ನು ಕರಗಿಸುತ್ತದೆ. ಅದರ ನೂರರಲ್ಲೊಂದು ಪಾಲು ಹರಿದರೂ ವರ್ಷಕ್ಕೆ 90 ಗ್ರಾಂ. ಈ 90 ಗ್ರಾಂ ಕಬ್ಬಿಣವು ಉದ್ದನೆಯ ಕೊಳವೆಯ ಎಲ್ಲೆಡೆಯಿಂದ ತೆಳುವಾಗಿ ಹೋದರೆ ಯಾರ ಕಣ್ಣಿಗೂ ಬೀಳದು. ಒಂದೇ ಫ್ಲ್ಯಾಂಜಿನ ಒಳಅಂಚಿನಿಂದ ಹೋದರೆ ಮೆತ್ತೆ ಕೂಡುವ ಮುಖವೇ ಹಾಳಾಗಿ ನೀರು ಒಸರತೊಡಗುತ್ತದೆ.

ಆದ್ದರಿಂದ ತಾಮ್ರ-ನಿಕ್ಕಲ್ಲಿನ ನೀಳವಾದ ಕೊಳವೆಗೆ ಸಾದಾ ಉಕ್ಕಿನ ಚಿಕ್ಕ ಫ್ಲ್ಯಾಂಜನ್ನು ನೇರವಾಗಿ ಕೂಡಿಸಿ ನೀರಿಗೆ ಒಡ್ಡುವುದು ಅತ್ಯಂತ ಅಪಾಯಕರ. ಉಕ್ಕಿನ ದೊಡ್ಡ ಒಡಲಿನ ಪಂಪಿನಲ್ಲಿ ಕಂಚಿನ ಚಿಕ್ಕ ಭಾಗವೊಂದಿದ್ದರೆ ಅಷ್ಟು ಭಯವಿಲ್ಲ. ಸವೆಯುವ ಲೋಹವು ವಿಸ್ತಾರವಾಗಿರಲಿ, ಬಾಳುವ ಲೋಹವು ಕಿರಿದಾಗಿರಲಿ ಎಂಬುದು ಇಲ್ಲಿಯ ಸೂತ್ರ. ಬೋಲ್ಟುಗಳ ವಿಷಯದಲ್ಲಿ ಇದು ವಿಶೇಷವಾಗಿ ಅನ್ವಯಿಸುತ್ತದೆ: ಕಡಲನೀರಿನಲ್ಲಿ ಮುಳುಗಿರುವ ಸಂದಿನಲ್ಲಿ ಬೋಲ್ಟಿನ ಲೋಹವು ಫ್ಲ್ಯಾಂಜಿನ ಲೋಹಕ್ಕೆ ಸಮಾನವಾಗಿರಬೇಕು, ಇಲ್ಲವೆ ಒಂದು ಮೆಟ್ಟಿಲು ಮೇಲಿರಬೇಕು.

ಇದರಿಂದ ಹೊರಡುವ ಮತ್ತೊಂದು ಸೂಚನೆಯು ಸಾಮಾನ್ಯ ಬುದ್ಧಿಗೆ ವಿರುದ್ಧವಾಗಿ ತೋರುತ್ತದೆ. ಎರಡು ಲೋಹಗಳ ಜೋಡಿಯಲ್ಲಿ ಒಂದಕ್ಕೆ ಮಾತ್ರ ಬಣ್ಣ ಬಳಿಯಲು ಸಾಧ್ಯವಿದ್ದರೆ, ಸವೆಯುವ ಲೋಹಕ್ಕಲ್ಲ, ಬಾಳುವ ಲೋಹಕ್ಕೆ ಬಳಿಯಬೇಕು. ಉಕ್ಕಿಗೆ ಮಾತ್ರ ಬಳಿದರೆ ಬಣ್ಣದಲ್ಲಿ ಎಲ್ಲಿಯೋ ಉಳಿಯುವ ಸೂಜಿಮೊನೆಯಷ್ಟು ತೆರಪಿಗೆ ಇಡೀ ವಿದ್ಯುತ್ತು ನುಗ್ಗಿ ಅಲ್ಲಿಯೇ ತೂತು ಕೊರೆಯುತ್ತದೆ. ಬಾಳುವ ಲೋಹವನ್ನು ಮುಚ್ಚಿದರೆ ಬ್ಯಾಟರಿಯ ಶಕ್ತಿಯೇ ಕುಗ್ಗುತ್ತದೆ.

ಬೀಡು ಕಬ್ಬಿಣದ ಮೋಸ

ಊರಿನ ಸಿಹಿನೀರಿನ ಅನುಭವವನ್ನು ಕಡಲಿಗೆ ಹಾಗೆಯೇ ಒಯ್ಯುವುದು ತಪ್ಪಾದೀತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸವಾರಂಭಿಸಿ, ಮುಂದೆ ಬೀಡು ಕಬ್ಬಿಣದ ಕೊಳವೆಗಳನ್ನೂ ತಯಾರಿಸಿತು. ಸಿಹಿನೀರಿನ ಸರಬರಾಜಿನಲ್ಲಿ ಬೀಡಿನ ಕೊಳವೆಯು ತಲೆಮಾರುಗಳ ಕಾಲ ಬಾಳುತ್ತದೆ. ಅದೇ ಬೀಡು ಕಡಲನೀರಿನಲ್ಲಿ ವಿಚಿತ್ರವಾಗಿ ಕೆಡುತ್ತದೆ. ಬೀಡಿನೊಳಗೆ ಗ್ರಾಫೈಟಿನ ಹಾಳೆಗಳು ಹೆಣೆದುಕೊಂಡಿರುತ್ತವೆ. ಏಣಿಯ ತುದಿಯಲ್ಲಿರುವ ಆ ಗ್ರಾಫೈಟಿನ ಸಹವಾಸದಿಂದ ಕಬ್ಬಿಣವು ಕರಗಿಹೋಗಿ, ಗ್ರಾಫೈಟು ಮತ್ತು ತುಕ್ಕಿನ ಅಚ್ಚು ಮಾತ್ರ ಉಳಿಯುತ್ತದೆ. ಹೊರಗಿನ ಆಕಾರ, ಅಳತೆ ಯಾವುದೂ ಬದಲಾಗದು. ಚಾಕುವಿನಿಂದ ಕೆರೆದರೆ ಪೆನ್ಸಿಲಿನ ಕಡ್ಡಿಯಂತೆ ಪುಡಿಯಾಗುತ್ತದೆ. ಕಣ್ಣಿನ ಪರೀಕ್ಷೆಯನ್ನೇ ನಂಬುವವನಿಗೆ ಇದಕ್ಕಿಂತ ದೊಡ್ಡ ಮೋಸವಿಲ್ಲ.

ಇರುಕಿನ ಕೊರೆತ

ಹಾಗಾದರೆ ತುಕ್ಕು ಹಿಡಿಯದ ಉಕ್ಕನ್ನೇ ಎಲ್ಲೆಡೆಯೂ ಬಳಸಬಾರದೇಕೆ? ಈ ಉಕ್ಕು ಬಾಳುವುದು ತನ್ನ ಮೈಮೇಲಿರುವ, ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡಿನ ಪೊರೆಯಿಂದ. ಪೊರೆಯು ಹರಿದಲ್ಲಿ ಅದನ್ನು ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕವು ಬೇಕು. ಫ್ಲ್ಯಾಂಜಿನ ಮುಖಕ್ಕೂ ಮೆತ್ತೆಗೂ ನಡುವೆ ಕೂದಲೆಳೆಯಷ್ಟು ಇರುಕು ಇದ್ದೇ ಇರುತ್ತದೆ. ಅದರೊಳಗೆ ಸೇರಿದ ನೀರು ಕದಲುವುದಿಲ್ಲ, ಅಲ್ಲಿಯ ಆಮ್ಲಜನಕವು ಬೇಗನೆ ತೀರಿಹೋಗುತ್ತದೆ, ಹೊರಗಿನಿಂದ ಕ್ಲೋರೈಡು ಒಳಗೆ ಸೆಳೆಯಲ್ಪಟ್ಟು ನೀರು ಆಮ್ಲವಾಗುತ್ತದೆ, ಪೊರೆಯು ಕುಸಿಯುತ್ತದೆ. ಇರುಕಿನೊಳಗಿನ ಚಿಕ್ಕ ಭಾಗವು ಕರಗುವ ಲೋಹದಂತೆಯೂ, ಹೊರಗಿನ ವಿಶಾಲವಾದ ಮೈ ಬಾಳುವ ಲೋಹದಂತೆಯೂ ವರ್ತಿಸುತ್ತವೆ. ಅಂದರೆ ಇಲ್ಲಿ ಒಂದೇ ಲೋಹಕ್ಕೆ ತನ್ನದೇ ಸಹವಾಸದೋಷವು ತಗಲಿದಂತಾಯಿತು. ಹೊಳೆಯುವ ಕೊಳವೆಯು ಹಾಗೆಯೇ ಹೊಳೆಯುತ್ತಿರುವಾಗ ಫ್ಲ್ಯಾಂಜಿನ ಮುಖದಲ್ಲಿ ಮಾತ್ರ ಹಳ್ಳ ಬೀಳುವ ರಹಸ್ಯವಿದು.

ಇದನ್ನು ತಡೆಯುವ ಶಕ್ತಿಯನ್ನು ಅಳೆಯಲು ಒಂದು ಸರಳ ಲೆಕ್ಕವಿದೆ. ಉಕ್ಕಿನಲ್ಲಿರುವ ಕ್ರೋಮಿಯಂನ ಶೇಕಡಾ ಪ್ರಮಾಣಕ್ಕೆ, ಮಾಲಿಬ್ಡಿನಂನ ಪ್ರಮಾಣದ 3.3ರಷ್ಟನ್ನೂ ಸಾರಜನಕದ ಪ್ರಮಾಣದ 16ರಷ್ಟನ್ನೂ ಕೂಡಿಸಬೇಕು. ಪಾತ್ರೆಗಳಿಗೆ ಬಳಸುವ 304ರ ಜಾತಿಗೆ ಈ ಅಂಕವು ಸುಮಾರು 19. ಉತ್ತಮವೆಂದು ಹೆಸರಾದ 316ಕ್ಕೆ ಸುಮಾರು 24. ಡ್ಯೂಪ್ಲೆಕ್ಸ್ ಎಂಬ ಜಾತಿಯ 2205ಕ್ಕೆ ಸುಮಾರು 35. ಸೂಪರ್ ಡ್ಯೂಪ್ಲೆಕ್ಸಿಗೂ ಶೇಕಡಾ 6ರಷ್ಟು ಮಾಲಿಬ್ಡಿನಂ ಇರುವ ಉಕ್ಕಿಗೂ 40ಕ್ಕೆ ಮೇಲೆ. ಕಡಲನೀರಿನ ಕೆಲಸಕ್ಕೆ 40 ಎಂಬುದು ವಾಡಿಕೆಯ ಗೆರೆ. 316ರ ಫ್ಲ್ಯಾಂಜು ಆ ಗೆರೆಗೆ ಬಹು ಕೆಳಗೆ ನಿಂತಿದೆಯೆಂಬುದನ್ನು, ಅದನ್ನು 'ಕಡಲಿನ ಉಕ್ಕು' ಎಂದು ನಂಬಿ ಕೊಳ್ಳುವವರು ಮರೆಯಬಾರದು.

40ರ ಗೆರೆಯೂ ಎಲ್ಲ ಕಡಲುಗಳಿಗೆ ಒಂದೇ ಅಲ್ಲ. ಉತ್ತರ ಸಮುದ್ರದ ತೈಲವೇದಿಕೆಗಳ ಅನುಭವದಿಂದ ನಾರ್ವೆ ದೇಶವು ರೂಪಿಸಿದ ಮಾನಕವು, ಕ್ಲೋರಿನ್ ಬೆರೆಸಿದ ಕಡಲನೀರಿನಲ್ಲಿ ಇರುಕುಗಳಿರುವ ಭಾಗಗಳಿಗೆ ಈ ಉನ್ನತ ಉಕ್ಕುಗಳನ್ನೂ ಸುಮಾರು 20 ಡಿಗ್ರಿ ಸೆಲ್ಸಿಯಸ್ ಶಾಖದವರೆಗೆ ಮಾತ್ರ ಒಪ್ಪುತ್ತದೆ. ಕಾರವಾರ ಮಂಗಳೂರುಗಳ ಕಡಲಾದರೋ ವರ್ಷದ ಬಹುಭಾಗ 26ರಿಂದ 30 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಇಂಜಿನನ್ನು ತಣಿಸಿ ಹೊರಬರುವ ನೀರು ಇನ್ನೂ ಬಿಸಿ. ಆದಕಾರಣ ಶೀತದೇಶದ ಕೋಷ್ಟಕವನ್ನು ನಕಲುಮಾಡಿ ನಮ್ಮ ಕರಾವಳಿಗೆ ಅನ್ವಯಿಸುವುದು ಯುಕ್ತವಲ್ಲ. ಇಂತಹ ಕಡೆಗಳಲ್ಲಿ ಫ್ಲ್ಯಾಂಜಿನ ಮುಖಕ್ಕೆ ಮಾತ್ರ ನಿಕ್ಕಲ್ಲಿನ ಉತ್ತಮ ಮಿಶ್ರಲೋಹವನ್ನು ಬೆಸುಗೆಯಿಂದ ಲೇಪಿಸುವುದುಂಟು. ಟೈಟಾನಿಯಂ ಈ ಶಾಖದಲ್ಲಿ ಕಡಲನೀರಿಗೆ ಜಗ್ಗದು. ಬೆಲೆ ಹೆಚ್ಚು, ಮತ್ತು ಏಣಿಯ ಮೇಲ್ತುದಿಯಲ್ಲಿರುವುದರಿಂದ ನೆರೆಯವರಿಗೆ ಅಪಾಯವೂ ಹೆಚ್ಚು. ಗ್ರಾಫೈಟಿನ ಮೆತ್ತೆಯನ್ನು ತುಕ್ಕು ಹಿಡಿಯದ ಉಕ್ಕಿನ ಫ್ಲ್ಯಾಂಜುಗಳ ನಡುವೆ ಇಡುವುದಂತೂ ಕಳ್ಳನ ಕೈಗೆ ಕೀಲಿ ಕೊಟ್ಟಂತೆ. ಅಲ್ಲಿ ರಬ್ಬರು ಮೊದಲಾದ, ವಿದ್ಯುತ್ತು ಹರಿಯದ ಮೆತ್ತೆಯೇ ಲೇಸು.

ತಾಮ್ರ-ನಿಕ್ಕಲ್ ಮತ್ತು ಕೂಡುಬಳೆ

ಹಡಗುಗಳಲ್ಲಿ ಬಹುಕಾಲದಿಂದ ಮೆಚ್ಚುಗೆ ಪಡೆದಿರುವುದು 90 ಪಾಲು ತಾಮ್ರ, 10 ಪಾಲು ನಿಕ್ಕಲ್ ಎಂದು ಕರೆಯುವ ಮಿಶ್ರಲೋಹ. ಅದರಲ್ಲಿ ಬೆರೆಸಿದ ಶೇಕಡಾ ಒಂದೂವರೆಯಷ್ಟು ಕಬ್ಬಿಣವು ಹರಿಯುವ ನೀರಿನ ಉಜ್ಜುವಿಕೆಯನ್ನು ತಡೆಯುವ ಬಲವನ್ನು ಕೊಡುತ್ತದೆ. ಇರುಕಿನ ಕೊರೆತದ ಭಯ ಇದಕ್ಕೆ ಅಷ್ಟಾಗಿ ಇಲ್ಲ; ಚಿಪ್ಪುಜೀವಿಗಳೂ ಸುಲಭವಾಗಿ ಅಂಟವು. ಆದರೆ ಇದಕ್ಕೂ ಮಿತಿಗಳಿವೆ. 100 ಮಿಲಿಮೀಟರಿನ ಮತ್ತು ಅದಕ್ಕಿಂತ ದೊಡ್ಡ ಕೊಳವೆಗಳಲ್ಲಿ ನೀರಿನ ವೇಗವು ಸೆಕೆಂಡಿಗೆ ಸುಮಾರು ಮೂರೂವರೆ ಮೀಟರನ್ನು ಮೀರಬಾರದು. ಚಿಕ್ಕ ಕೊಳವೆಗಳಲ್ಲಿ ಇನ್ನೂ ಕಡಿಮೆ. ಬಂದರಿನ ಕೊಳಕುನೀರಿನಲ್ಲಿರುವ ಗಂಧಕದ ಸಂಯುಕ್ತಗಳು ಅದರ ಪೊರೆಯನ್ನು ಕೆಡಿಸುತ್ತವೆ. ಹೊಸ ಹಡಗು ಬಂದರಿನಲ್ಲಿ ತಿಂಗಳುಗಟ್ಟಲೆ ನಿಂತು ಸಜ್ಜಾಗುವಾಗ, ಅದರ ಹೊಸ ಕೊಳವೆಗಳಲ್ಲಿ ಅಂತಹ ನೀರು ನಿಂತು ಕೊಳೆತರೆ, ಕಡಲಿಗಿಳಿಯುವ ಮೊದಲೇ ಕೊಳವೆಯ ಆಯುಷ್ಯವು ಕುಂದುತ್ತದೆ. ಮೊದಲ ಕೆಲವು ವಾರಗಳಲ್ಲಿ ಶುದ್ಧವಾದ ನೀರನ್ನು ಹರಿಸಿ ಪೊರೆ ಕಟ್ಟಲು ಬಿಡುವುದು, ಇಲ್ಲವೆ ನೀರನ್ನು ಬಸಿದು ಒಣಗಿಸಿಡುವುದು ಇದಕ್ಕೆ ಉಪಾಯ.

ಇಡೀ ಫ್ಲ್ಯಾಂಜನ್ನು ತಾಮ್ರ-ನಿಕ್ಕಲ್ಲಿನಲ್ಲಿ ಮಾಡಿದರೆ ವೆಚ್ಚವು ಅಧಿಕ. ಆದುದರಿಂದ ಹಡಗು ಕಟ್ಟುವವರು ಕೂಡುಬಳೆಯ ಪದ್ಧತಿಯನ್ನು ಅನುಸರಿಸುತ್ತಾರೆ. ನೀರು ತಾಗುವ ಮುಖವು ಕೊಳವೆಯದೇ ಮಿಶ್ರಲೋಹದ ತೆಳು ಕಾಲರು. ಅದರ ಬೆನ್ನಿಗೆ ಬಿಡಿಯಾಗಿ ತೊಡಿಸಿದ ಉಕ್ಕಿನ ಬಳೆಯು ಬೋಲ್ಟುಗಳ ಬಿಗಿತವನ್ನು ಹೊರುತ್ತದೆ. ಒಳಗಿನ ನೀರು ಉಕ್ಕನ್ನು ಮುಟ್ಟದು. ಬಳೆಯು ಬಿಡಿಯಾಗಿರುವುದರಿಂದ ಬೋಲ್ಟಿನ ತೂತುಗಳನ್ನು ಹೊಂದಿಸುವುದೂ ಸುಲಭ. ಹಡಗಿನ ತಳದಲ್ಲಿ ಹೊರಗಿನಿಂದ ಉಪ್ಪುನೀರು ಸಿಡಿಯುವ ಕಡೆ ಮಾತ್ರ ಈ ಬಳೆಗೆ ಸತುವಿನ ಲೇಪ, ಸಂದಿಗೆ ಬಣ್ಣ ಅವಶ್ಯಕ.

ಆಯ್ಕೆಯ ಕ್ರಮ

ಮೇಲಿನ ವಿಚಾರಗಳಿಂದ ಆಯ್ಕೆಯ ಕ್ರಮವೊಂದು ತಾನಾಗಿ ಮೂಡುತ್ತದೆ. ಮೊದಲನೆಯದಾಗಿ ನೀರನ್ನು ತಿಳಿಯಬೇಕು: ಅದರ ಶಾಖ, ವೇಗ, ಕೊಳಕು, ಬೆರೆಸಿದ ಕ್ಲೋರಿನ್. ಎರಡನೆಯದಾಗಿ ನೆರೆಯವರನ್ನು ತಿಳಿಯಬೇಕು: ಕೊಳವೆ, ಪಂಪು, ಕವಾಟ, ಬೋಲ್ಟು, ಮೆತ್ತೆ ಇವುಗಳ ಲೋಹಗಳಾವುವು, ಪ್ರತಿಯೊಂದಕ್ಕೂ ನೀರು ತಾಗುವ ವಿಸ್ತಾರವೆಷ್ಟು ಎಂಬುದನ್ನು ಒಂದೇ ಹಾಳೆಯ ಮೇಲೆ ಬರೆಯಬೇಕು. ಮೂರನೆಯದಾಗಿ, ಸಾಧ್ಯವಾದಷ್ಟೂ ಒಂದೇ ಕುಲದ ಲೋಹಗಳನ್ನು ಕೂಡಿಸಬೇಕು. ಬೇರೆ ಕುಲದವು ಕೂಡಲೇಬೇಕಾದಲ್ಲಿ ನಡುವೆ ವಿದ್ಯುತ್ತನ್ನು ತಡೆಯಬೇಕು. ಅಥವಾ ಸುಲಭವಾಗಿ ಬಿಚ್ಚಿ ಬದಲಿಸಬಹುದಾದ ದಪ್ಪನೆಯ ಉಕ್ಕಿನ ಚಿಕ್ಕ ಕೊಳವೆಯೊಂದನ್ನು ಸವೆತಕ್ಕೆಂದೇ ಮೀಸಲಿಡಬೇಕು. ಕಡೆಯದಾಗಿ, ಒಡೆದರೆ ಆಗುವ ಹಾನಿಯನ್ನು ತೂಗಬೇಕು. ಸುಲಭವಾಗಿ ಕೈಗೆಟಕುವ, ಒಡೆದರೂ ಪ್ರಾಣಭಯವಿಲ್ಲದ ಕಡೆ ರಬ್ಬರಿನ ಒಳಪದರವುಳ್ಳ ಸಾದಾ ಉಕ್ಕು ಸಾಕು. ಬೆಂಕಿಯ ಭಯವಿಲ್ಲದೆಡೆ ಗಾಜಿನೆಳೆಯ ಪ್ಲಾಸ್ಟಿಕ್ಕೂ ಆದೀತು. ನೀರಿನ ಮಟ್ಟದ ಕೆಳಗೆ, ಕಡಲಿಗೇ ತೆರೆದಿರುವ ಕೊಳವೆಯ ಸಂದಿನಲ್ಲಿ ಬೆಲೆಯ ವಿಚಾರವು ಎರಡನೆಯದಾಗತಕ್ಕದ್ದು.

ಈ ಕಡೆಯ ಮಾತಿನ ಗಾಂಭೀರ್ಯವನ್ನು ಅಮೆರಿಕದ 'ಥ್ರೆಷರ್' ಎಂಬ ಜಲಾಂತರ್ಗಾಮಿಯ ದುರಂತವು ತೋರಿಸುತ್ತದೆ. 1963ನೆಯ ಏಪ್ರಿಲ್ 10ರಂದು ಅದು 129 ಜನರೊಡನೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಇಂಜಿನ್ ಕೋಣೆಯಲ್ಲಿದ್ದ ಕಡಲನೀರಿನ ಕೊಳವೆಯ ಸಂದೊಂದು ಒಡೆದುದೇ ಬಹುಶಃ ದುರಂತದ ಮೊದಲೆಂದು ನೌಕಾದಳದ ವಿಚಾರಣೆಯು ಅಭಿಪ್ರಾಯಪಟ್ಟಿತು. ಅಲ್ಲಿಯ ಸಂದುಗಳು ಫ್ಲ್ಯಾಂಜುಗಳಲ್ಲ, ಬೆಳ್ಳಿಯ ಬೆಸುಗೆಯವು. ಕಾರಣವು ಕೊರೆತವೆಂದೂ ಅಲ್ಲ. ಆದರೂ ಸಾವಿರಾರು ಟನ್ನಿನ ನೌಕೆಯ ಭದ್ರತೆಯು ಅಂಗೈಯಗಲದ ಸಂದೊಂದರ ಮೇಲೆ ನಿಂತಿರಬಹುದೆಂಬುದು ಅದರಿಂದ ಸ್ಪಷ್ಟವಾಯಿತು. ಅದೇ ವರ್ಷ ಆರಂಭವಾದ ಸುರಕ್ಷತಾ ಯೋಜನೆಯು ಇಂತಹ ಪ್ರತಿಯೊಂದು ಸಂದಿನ ಲೋಹಕ್ಕೂ ಕೆಲಸಗಾರಿಕೆಗೂ ಬರಹದ ದಾಖಲೆಯಿರಬೇಕೆಂದು ವಿಧಿಸಿತು.

ದಾಖಲೆಯ ಈ ಶಿಸ್ತು ಘಟ್ಟದ ಮೇಲಿನ ನಕ್ಷೆಯ ಮೇಜಿಗೂ ಘಟ್ಟದ ಕೆಳಗಿನ ಹಡಗುಕಟ್ಟೆಗೂ ನಡುವೆ ಸೇತುವೆಯಾಗಬಲ್ಲದು. ಪಂಪನ್ನು ಆಯ್ದವರು ಒಬ್ಬರು, ಕೊಳವೆಯನ್ನು ಕೊಂಡವರು ಇನ್ನೊಬ್ಬರು, ಬೋಲ್ಟನ್ನು ಬಿಗಿದವರು ಮತ್ತೊಬ್ಬರು ಎಂಬಂತಾದರೆ, ಪ್ರತಿಯೊಬ್ಬರ ಆಯ್ಕೆಯೂ ಬಿಡಿಯಾಗಿ ನಿರ್ದುಷ್ಟವಾಗಿದ್ದು, ಕೂಡಿದ ಕಡೆಯಲ್ಲಿ ದೋಷವು ಹುಟ್ಟೀತು. ಕಡಲನೀರು ಬಿಡಿ ಲೋಹವನ್ನು ಪರೀಕ್ಷಿಸುವುದಿಲ್ಲ, ಕೂಟವನ್ನು ಪರೀಕ್ಷಿಸುತ್ತದೆ. ಆದುದರಿಂದ ಫ್ಲ್ಯಾಂಜಿನ ಲೋಹವನ್ನು ಗೊತ್ತುಮಾಡುವವರು ಅದರ ಗುಣಪಟ್ಟಿಗಿಂತ ಮೊದಲು ಅದರ ನೆರೆಹೊರೆಯನ್ನು ನೋಡತಕ್ಕದ್ದು.